ಸಂದೇಶ ಬಂದಿದೆ, ನೋಡಿಕೊಳ್ಳತಕ್ಕದ್ದು

ರೋಣದ ಅರಳಿಪೇಟೆಯ ನಳಗಳಿಗೆ ವಾರಕ್ಕೊಮ್ಮೆ ತಪ್ಪದೆ ನೀರು ಬರುತ್ತದೆ. ಯಾವ ವಾರ ಎಂಬುದನ್ನು ಅರಳಿಪೇಟೆ ಕುಡಿಯುವ ನೀರು ಬಳಕೆದಾರರ ಸಹಕಾರ ಸಂಘ ನಿಯಮಿತವು ಕಾಲಕಾಲಕ್ಕೆ ತಿಳಿಯಪಡಿಸುತ್ತ ಬಂದಿತ್ತು.

ಹೀಗೆ ತಿಳಿಯಪಡಿಸುವ ಕೆಲಸವನ್ನು 2008ನೆಯ ಇಸವಿಯವರೆಗೆ ಮಾಡಿಕೊಂಡು ಬಂದವನು ಡಂಗುರದ ಜಂಗ್ಲಿಸಾಬ. ನೀರು ಬಿಡುವ ದಿನ ನಸುಕಿನಲ್ಲಿ ಅವನು ಹಲಗಿಯನ್ನು ಹೆಗಲಿಗೆ ಹಾಕಿಕೊಂಡು ಓಣಿಯ ತಲೆಗೆ ನಿಂತು, "ಕೇಳ್ರಪೋ ಕೇಳ್ರಿ, ನಳಕ್ಕ ನೀರು ಬಿಡಾಕತ್ತಾರ, ತುಂಬಿಕೊಳ್ರಿ" ಎಂದು ಒಂದು ಸಲ ಕೂಗಿದರೆ ಸಾಕು, ಕೊಡ, ಬಕೀಟು, ಬ್ಯಾರಲ್ಲುಗಳು ಬಾಗಿಲಿಗೆ ಬಂದು ನಿಲ್ಲುತ್ತಿದ್ದವು. ಆ ದನಿ ಹರದಾರಿಗಟ್ಟಲೆ ದೂರದ ಪುರ್ತಗೇರಿ ಊರಿಗೂ ಕೇಳುತ್ತದೆ ಎಂದು ಪೇಟೆಯವರು ಹೇಳುತ್ತಿದ್ದರು. ಪುರ್ತಗೇರಿಯವರು ಇದನ್ನು ಅಲ್ಲಗಳೆದು ಲಿಖಿತವಾಗಿ ಏನನ್ನೂ ಕೊಟ್ಟಿಲ್ಲವಾದ್ದರಿಂದ ಅದು ನಿಜವೆಂದೇ ತಿಳಿಯಬೇಕಾಗುತ್ತದೆ.

ಇಂಥ ದನಿ ಕೇಳದೆ ಇದ್ದ ಜಾಗ ಒಂದೇ ಒಂದು, ಜಂಗ್ಲಿಸಾಬನ ಸ್ವಂತ ಮನೆಯ ಪಡಸಾಲೆ. ಅಲ್ಲಿ ಅವನ ಮಗಳು ಇಷ್ರತ ಗೋಡೆಗೆ ಒರಗಿ, ಮೊಣಕಾಲು ಮಡಚಿ, ಮೊಬೈಲು ಹಿಡಿದು ಕೂತಿರುತ್ತಿದ್ದಳು. ಒಂಬತ್ತನೇ ಇಯತ್ತೆ ಹುಡುಗಿ. ಶಾಣ್ಯಾಕಿ, ಮನೆಗೆಲಸಕ್ಕೆ ಒಲ್ಲೆನೆಂದವಳಲ್ಲ, ಎದುರು ಮಾತಾಡಿದವಳಲ್ಲ. ಎದುರು ಮಾತಾಡಬೇಕಾದರೆ ಮೊದಲು ಮಾತಾಡಬೇಕಲ್ಲ. ಮೊಬೈಲು ಸಂಘದ್ದು, ಜಂಗ್ಲಿಸಾಬನಿಗೆ ಕೆಲಸದ ಸಲುವಾಗಿ ಕೊಟ್ಟದ್ದು. ಹಲಗಿ ಬಾರಿಸಿ ದಪ್ಪಗಾದ ಅವನ ಬೆರಳಿನಿಂದ ಒಂದು ಒತ್ತಿದರೆ ಮೂರು ಗುಂಡಿ ಒತ್ತಿಹೋಗುತ್ತಿದ್ದವು, ಹಾಗಾಗಿ ಅದು ಮಗಳ ಕೈಗೆ ಹೋಯಿತು. ಆ ವರ್ಷ ಒಂದು ರೀಚಾರ್ಜು ಚೀಟಿ ಹಾಕಿಸಿದರೆ, ದಿನಕ್ಕೆ ಇಷ್ಟು ಎಂದು, ತಿಂಗಳಿಡೀ ಮೆಸೇಜು ಪುಕ್ಕಟೆ. ಪುಕ್ಕಟೆ ಸಿಕ್ಕಿದ್ದನ್ನು ಉಳಿಸಿದರೆ ನಷ್ಟವೆಂಬುದು ಪೇಟೆಯ ಮಕ್ಕಳಿಗೆ ಯಾರೂ ಕಲಿಸದೆ ತಿಳಿದಿತ್ತು.

ಜಂಗ್ಲಿಸಾಬನಿಗೆ ಬೇಕಾದದ್ದು ಬಹಳವೇನಲ್ಲ. ತಾನು ಕರೆದಾಗ ಮಗಳು ಒಂದು ಸಲ ತಲೆಯೆತ್ತಿ ನೋಡಬೇಕು, ಅಷ್ಟೇ. ಅವಳ ಮುಖ ತನ್ನ ತಾಯಿಯ ಮುಖದ ಹಾಗೆ ಇದೆಯೆಂದು ಅವನಿಗೆ ನೆನಪಿತ್ತು, ಆದರೆ ಇತ್ತೀಚೆಗೆ ನೋಡಿ ಖಾತ್ರಿ ಮಾಡಿಕೊಂಡಿರಲಿಲ್ಲ. ಅವನಿಗೆ ಚೆನ್ನಾಗಿ ಪರಿಚಯವಿದ್ದದ್ದು ಅವಳ ಬೈತಲೆ. ಊಟದ ಹೊತ್ತಿಗೆ "ಇಷ್ರತ, ಬಾರವಾ" ಎಂದು ಅವನು ಕರೆದರೆ ಎದುರಿನ ಮನೆಯ ಚನ್ನವ್ವ ಬಾಗಿಲು ತೆರೆದು ಏನೆಂದು ಕೇಳುತ್ತಿದ್ದಳು, ಬೈತಲೆ ಅಲುಗುತ್ತಿರಲಿಲ್ಲ. ಇದರಿಂದ ಅವನಿಗೆ ಬಹಳ ದುಃಖವಾಗುತ್ತಿತ್ತು. ಹೆಂಡತಿ ಮಾಸುಮಬಿ ಮುಂದೆ ಮಾತ್ರ ಅದನ್ನು ಹೊಟ್ಟೆನೋವು ಎಂದು ಹೇಳಿಕೊಳ್ಳುತ್ತಿದ್ದ.

ಇಂತಿರುವಲ್ಲಿ ಸಂಘದ ಕಾರ್ಯದರ್ಶಿ ಪ್ರಾಣೇಶರು ಗದಗಿನಲ್ಲಿ ನಡೆದ ಒಂದು ದಿನದ ಆಧುನೀಕರಣ ಶಿಬಿರಕ್ಕೆ ಹೋಗಿ ಒಂದು ಚೀಲ, ಒಂದು ಪೆನ್ನು ಮತ್ತು ಒಂದು ವಿಚಾರದೊಂದಿಗೆ ಮರಳಿದರು. ಚೀಲವನ್ನು ಹೆಂಡತಿ ಕಾಶಿಬಾಯಿಗೆ ಕೊಟ್ಟರು, ಪೆನ್ನನ್ನು ಮಗಳು ನಮ್ರತಾಳಿಗೆ ಕೊಟ್ಟರು, ಉಳಿದದ್ದನ್ನು ಸಂಘಕ್ಕೆ ಕೊಟ್ಟರು. ಮರುದಿನ ಜಂಗ್ಲಿಸಾಬನನ್ನು ಕರೆಸಿದರು.

"ಜಂಗ್ಲಿಸಾಬ, ನಿನ್ನ ದನಿ ಬಗ್ಗೆ ನಮ್ಮದೇನೂ ತಕರಾರಿಲ್ಲ. ಆದ್ರ ಅದಕ್ಕ ದಾಖಲೆ ಇಲ್ಲ ನೋಡು."

"ಎಲ್ಲಾರೂ ಕೇಳಿಸಿಕೊಂತಾರಲ್ರಿ ಸಾಹೇಬ್ರ."

"ಕೇಳಿಸಿಕೊಂಡ್ರು ಅನ್ನೂದಕ್ಕ ಪುರಾವೆ ಏನದ?"

"ನೀರು ತುಂಬತಾರಲ್ರಿ."

"ಅದು ನೀರು ತುಂಬಿದ್ದಕ್ಕ ಪುರಾವೆ ಆತು. ಕೇಳಿದ್ದಕ್ಕಲ್ಲ."

ಜಂಗ್ಲಿಸಾಬನಿಗೆ ಕಾರ್ಯದರ್ಶಿಗಳ ಮಾತಿನಲ್ಲಿ ಎಲ್ಲಿಯೂ ತೂತು ಕಾಣಲಿಲ್ಲ.

ಡಂಗುರದ ಬದಲು ಸದಸ್ಯರ ಮೊಬೈಲುಗಳಿಗೆ ಸಂದೇಶ ಕಳಿಸತಕ್ಕದ್ದೆಂದು ಸರ್ವಾನುಮತದ ಠರಾವಾಯಿತು. ಸಂದೇಶಗಳ ಚೀಟಿಯನ್ನು ಸಂಘದ ನಿರ್ದೇಶಕ ಗೌಸುಸಾಬರ ಮೊಬೈಲ್ ಅಂಗಡಿಯಿಂದ ಖರೀದಿಸಲು ಗೌಸುಸಾಬರೇ ಸೂಚಿಸಿ ಗೌಸುಸಾಬರೇ ಅನುಮೋದಿಸಿದರು. ಡಂಗುರದವನ ಹುದ್ದೆಯನ್ನು ರದ್ದು ಮಾಡಬೇಕೆಂದಿದ್ದರೂ ಆಗಲಿಲ್ಲ. ರದ್ದು ಮಾಡಲು ಮೇಲಿನವರ ಒಪ್ಪಿಗೆ ಬೇಕು, ಒಪ್ಪಿಗೆ ಕೇಳಲು ಅಂಥ ಹುದ್ದೆ ಇದೆಯೆಂದು ಮೊದಲೇ ತಿಳಿಸಿರಬೇಕು, ಸಂಘವು ತಿಳಿಸಿರಲಿಲ್ಲ. ಆದ್ದರಿಂದ ಜಂಗ್ಲಿಸಾಬನಿಗೆ ಕಚೇರಿಯ ಮೂಲೆಯಲ್ಲಿ ಒಂದು ಸ್ಟೂಲು ಕೊಟ್ಟು, ಹಲಗಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾರಿಸದೆ ಕೂಡುವಂತೆ ಆದೇಶಿಸಲಾಯಿತು.

ಕಾರ್ಯದರ್ಶಿಗಳಿಗೆ ಮೆಸೇಜು ಬರೆಯಲು ಬರುತ್ತಿರಲಿಲ್ಲ. ಹತ್ತನೇ ಇಯತ್ತೆಯ ನಮ್ರತಾಳನ್ನು ಗೌರವ ಸಂದೇಶಕಿಯಾಗಿ ನೇಮಿಸಿದರು. ಫೋನಿಗೆ ಕನ್ನಡ ಗೊತ್ತಿರಲಿಲ್ಲವಾಗಿ ಅವಳು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ, ಅದರಲ್ಲೂ ಅರ್ಧ ಅಕ್ಷರ ನುಂಗಿ ಬರೆಯುತ್ತಿದ್ದಳು. ಇದನ್ನು ಓದಬಲ್ಲವರು ಪ್ರತಿ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳು ಮಾತ್ರ. ಹೀಗಾಗಿ ಪೇಟೆಯ ನೀರಿನ ಹೊಣೆಯೆಲ್ಲ ಹುಡುಗರ ಹೆಬ್ಬೆರಳಿಗೆ ಬಂತು. ನಿನ್ನೆಯವರೆಗೆ "ಆ ಫೋನು ಕೆಳಗಿಡು" ಎಂದು ಬೈಯುತ್ತಿದ್ದ ತಾಯಂದಿರು "ಫೋನು ಯಾಕ ಕೆಳಗಿಟ್ಟಿ, ನೀರು ಬಂದ್ರ ಹ್ಯಾಂಗ?" ಎಂದು ಬೈಯತೊಡಗಿದರು. ಉಣ್ಣುವಾಗ, ಓದುವಾಗ, ಸ್ನಾನದ ಮನೆಯಲ್ಲಿ ಕೂಡ ಫೋನು ಹಿಡಿದಿರುವ ಮಗನೇ ಮನೆಗೆ ಆಧಾರವೆನಿಸಿದ. ಮಕ್ಕಳು ಈ ಜವಾಬ್ದಾರಿಯನ್ನು ಒಂದು ಮಾತೂ ಆಡದೆ ಒಪ್ಪಿಕೊಂಡರು.

ಮೊದಲನೆಯ ಸಂದೇಶ ಹೋದ ನಸುಕಿನಲ್ಲಿ ನೀರು ಬಂತು, ಹರಿಯಿತು, ಚರಂಡಿ ತುಂಬಿ ರಸ್ತೆಗೆ ಇಳಿಯಿತು. ಪೇಟೆಯ ಎಮ್ಮೆಗಳಿಗೆಲ್ಲ ಒಳ್ಳೆಯ ಮಜ್ಜನವಾಯಿತು. ಒಂದು ಕೊಡವೂ ಬಾಗಿಲಿಗೆ ಬರಲಿಲ್ಲ. ಬೆಳಗಾದ ಮೇಲೆ ಚನ್ನವ್ವ ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಓಣಿಯ ಹೆಂಗಸರೊಂದಿಗೆ ಸಂಘದ ಕಚೇರಿಗೆ ಬಂದಳು.

"ನೀರು ಬಿಟ್ಟಿದ್ದು ಯಾಕ ಹೇಳಲಿಲ್ರಿ?"

"ನಮ್ಮ ಕಡಿಂದ ಹೋಗೇದವಾ. ನಿಮ್ಮ ಕಡೆ ಬಂದಿಲ್ಲ ಅಂದ್ರ ಅದು ನಿಮ್ಮ ಕಡೆಯ ವಿಷಯ ಆತು," ಎಂದರು ಪ್ರಾಣೇಶರು.

"ನಮ್ಮ ಕಡಿ ಜಂಗ್ಲಿಸಾಬ ಬಂದಿದ್ರ ಸಾಕಿತ್ತರಿ."

"ಅಂವಾ ಇಲ್ಲೇ ಇದ್ದಾನಲ್ಲ. ಕೂತಾನ ನೋಡ್ರಿ."

ಹೆಂಗಸರು ನೋಡಿದರು. ಜಂಗ್ಲಿಸಾಬ ಸ್ಟೂಲಿನ ಮೇಲೆ ಹಲಗಿ ಹಿಡಿದು ಕೂತಿದ್ದ. ಅವರು ತನ್ನನ್ನು ನೋಡಿದ್ದು ಅವನಿಗೆ ಸಮಾಧಾನವೆನಿಸಿತು.

ವಿಚಾರಣೆಯಲ್ಲಿ ಕಾರಣ ಹೊರಬಿತ್ತು. ಪೇಟೆಯ ಮೊಬೈಲುಗಳ ಹೊಟ್ಟೆ ಸಣ್ಣದು, ಒಂದಿಷ್ಟು ಮೆಸೇಜು ತುಂಬಿದರೆ ಹೊಸದನ್ನು ಒಳಗೆ ಬಿಡುತ್ತಿರಲಿಲ್ಲ. ಪೇಟೆಯ ಎಲ್ಲ ಫೋನುಗಳೂ ಗುಡ್ ಮಾರ್ನಿಂಗು, ಗುಡ್ ನೈಟು, ದೋಸ್ತಿಯ ಶಾಯರಿ, ಮತ್ತು "ಇದನ್ನು ಹತ್ತು ಮಂದಿಗೆ ಕಳಿಸದಿದ್ದರೆ ಗಣಿತದಲ್ಲಿ ಫೇಲಾಗುತ್ತೀ" ಎಂಬ ಎಚ್ಚರಿಕೆಗಳಿಂದ ಬಾಯಿಮಟ ತುಂಬಿದ್ದವು. ಅಳಿಸಿರೆಂದರೆ ಮಕ್ಕಳು ಒಪ್ಪಲಿಲ್ಲ. ಅಳಿಸಿದರೆ ಕಳಿಸಿದವರ ದೋಸ್ತಿ ಮುರಿದಂತೆ. ಅಪ್ಪಂದಿರು ತಾವೇ ಅಳಿಸಲು ಮುಂದಾದರು, ಆದರೆ ಗಣಿತದ ಎಚ್ಚರಿಕೆ ಕೇಳಿ ಹಿಂದೆ ಸರಿದರು. ತಂದೆ ಗುಂಡಿಯೊತ್ತಿ ಮಗ ಫೇಲಾದರೆ ಬೀಗರ ಮುಂದೆ ಏನು ಹೇಳುವುದು?

ಸಂಘವು ಕೈಕಟ್ಟಿ ಕೂಡಲಿಲ್ಲ. ಸಂದೇಶ ವಿಲೇವಾರಿ ಉಪಸಮಿತಿಯನ್ನು ರಚಿಸಿ ಬಾಗಿಲಿಗೆ ಈ ಪ್ರಕಟಣೆಯನ್ನು ಅಂಟಿಸಿತು:

"ಈ ಮೂಲಕ ಸರ್ವ ಸದಸ್ಯರಿಗೆ ತಿಳಿಯಪಡಿಸುವುದೇನೆಂದರೆ, ಯಾವುದೇ ಸಂದೇಶವನ್ನು ಅಳಿಸಬೇಕಾದಲ್ಲಿ ಕಳಿಸಿದವರ, ಪಡೆದವರ ಹಾಗೂ ಸದರಿ ಸಂದೇಶವನ್ನು ಈವರೆಗೆ ಓದದ ಒಬ್ಬ ಜವಾಬ್ದಾರಿಯುತ ಹಿರಿಯರ ಒಪ್ಪಿಗೆ ಅವಶ್ಯ. ಒಪ್ಪಿಗೆಯಿಲ್ಲದೆ ಅಳಿಸಿದ ಸಂದೇಶವನ್ನು ಅಳಿಸಿದವರೇ ಮರಳಿ ಬರೆದುಕೊಡತಕ್ಕದ್ದು. ವಿಚಾರಣೆ ಪ್ರತಿ ಸೋಮವಾರ. ಬರುವಾಗ ಫೋನನ್ನು ಚಾರ್ಜು ಮಾಡಿಕೊಂಡು ಬರತಕ್ಕದ್ದು. ಚಾರ್ಜಿಲ್ಲದ ಫೋನಿನ ಪರವಾಗಿ ಯಾರೂ ಮಾತಾಡತಕ್ಕದ್ದಲ್ಲ."

ಮೊದಲ ಸೋಮವಾರ ಬಂದದ್ದು ಇಷ್ರತಳ ಪ್ರಕರಣವೇ. ಕಳೆದ ದೀಪಾವಳಿಯಲ್ಲಿ ನಮ್ರತಾ ಕಳಿಸಿದ್ದ ಒಂದು ಗುಡ್ ನೈಟು. ಸ್ಟೂಲಿನಿಂದ ಎದ್ದು ಕಕ್ಷಿದಾರರ ಹೆಸರು ಕೂಗುವ ಕೆಲಸ ಜಂಗ್ಲಿಸಾಬನಿಗೆ ಸಿಕ್ಕಿತು. ಇಬ್ಬರೂ ಹುಡುಗಿಯರು ಆಗಲೇ ಎದುರಿನ ಬಾಕಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಆದರೂ ಅವನು ಓಣಿಗೆ ಕೇಳುವ ಹಾಗೆ ಮಗಳ ಹೆಸರು ಕೂಗಿದ. ಬೈತಲೆ ಅಲುಗಲಿಲ್ಲ.

"ಗುಡ್ ನೈಟು ಬೆಳಗಾದ ಮ್ಯಾಲೆ ಚಾಲ್ತಿಯೊಳಗ ಇರ್ತದೋ ಇಲ್ಲೋ?" ಎಂದು ಪ್ರಾಣೇಶರು ಸಭೆಯ ಮುಂದಿಟ್ಟರು.

"ಮರುದಿನ ಮತ್ತ ರಾತ್ರಿ ಆಗತೈತಲ್ರಿ. ಅದಕ್ಕ ಉಪಯೋಗಕ್ಕ ಬರತೈತಿ," ಎಂದರು ಗೌಸುಸಾಬರು. ಅಳಿಸದೆ ಉಳಿದ ಪ್ರತಿ ಮೆಸೇಜೂ ದೊಡ್ಡ ಹೊಟ್ಟೆಯ ಹೊಸ ಫೋನಿನ ಮಾರಾಟಕ್ಕೆ ಅನುಕೂಲವಾಗಿತ್ತು.

"ನಮ್ರತಾ, ನಿನ್ನ ಒಪ್ಪಿಗಿ ಅದನೇನವಾ?"

ನಮ್ರತಾ ತನ್ನ ಫೋನಿನಲ್ಲಿ ಏನೋ ಒತ್ತಿದಳು. ಪಕ್ಕದಲ್ಲಿದ್ದ ಇಷ್ರತಳ ಫೋನು ಮಿಣುಕಿತು, ಆದರೆ ಜಾಗವಿಲ್ಲದ್ದರಿಂದ ಮೆಸೇಜು ಒಳಗೆ ಬರಲಿಲ್ಲ. ಒಪ್ಪಿಗೆಯನ್ನು ಕೊಟ್ಟಿದ್ದಾಗಿದೆ, ತಲುಪಿದ್ದಾಗಿಲ್ಲ ಎಂದು ನಮೂದಿಸಿಕೊಂಡು ವಿಚಾರಣೆಯನ್ನು ಮುಂದಿನ ಸೋಮವಾರಕ್ಕೆ ಹಾಕಲಾಯಿತು. ಸಮಿತಿಯ ಕೆಲಸ ಚುರುಕಾಗಿದೆಯೆಂದು ಬಂದವರೆಲ್ಲ ಮೆಚ್ಚಿಕೊಂಡರು.

ಈ ನಡುವೆ ಮತ್ತೆರಡು ಸಲ ಎಮ್ಮೆಗಳು ಮಿಂದವು. ಹೆಂಗಸರ ಗದ್ದಲ ತಾಳದೆ ಸಂಘವು ಜಂಗ್ಲಿಸಾಬನನ್ನು ಮತ್ತೆ ಓಣಿಗೆ ಇಳಿಸಲು ನಿರ್ಧರಿಸಿತು. ಆದರೆ ನೀರು ಬಂದಿದೆ ಎಂಬ ಮಾಹಿತಿಯನ್ನು ಸಂದೇಶದ ಮೂಲಕ ಈಗಾಗಲೇ ದುಡ್ಡು ಕೊಟ್ಟು ತಿಳಿಸಿರುವುದರಿಂದ, ಅದನ್ನೇ ಬಾಯಿಯಿಂದಲೂ ತಿಳಿಸಿದರೆ ಮಾಹಿತಿಯ ದ್ವಿರುಕ್ತಿಯಾಗಿ ಲೆಕ್ಕ ತಪಾಸಣೆಯಲ್ಲಿ ಆಕ್ಷೇಪ ಬರುವ ಸಂಭವವಿತ್ತು. ಆದ್ದರಿಂದ ಅವನು "ಸಂದೇಶ ಬಂದಿದೆ, ನೋಡಿಕೊಳ್ಳತಕ್ಕದ್ದು" ಎಂದಷ್ಟೇ ಸಾರತಕ್ಕದ್ದು, ಸಂದೇಶದಲ್ಲಿ ಏನಿದೆಯೆಂಬುದನ್ನು ಹೇಳತಕ್ಕದ್ದಲ್ಲ ಎಂದಾಯಿತು.

ಜಂಗ್ಲಿಸಾಬನಿಗೆ ಹೋದ ಜೀವ ಬಂದಂತಾಯಿತು. ಮುಂದಿನ ನೀರಿನ ದಿನ, ನೀರು ಬಿಡುವ ಹೊಳಿಯಪ್ಪ ವಾಲ್ವ್ ತಿರುವಿದ ಕೂಡಲೇ ಅವನು ವಾಲ್ವಿನ ಗುಂಡಿಯ ನೀರು ತುಳಿದುಕೊಂಡು, ಹಲಗಿ ಬಾರಿಸುತ್ತ ಹೊರಟ.

"ಕೇಳ್ರಪೋ ಕೇಳ್ರಿ, ಮೆಸೇಜ್ ಬಂದೈತಿ, ನೋಡಿಕೊಳ್ರಿ."

ಚನ್ನವ್ವ ಬಾಗಿಲಿಗೆ ಬಂದಳು. "ನೀರು ಬಂತೇನೋ ಜಂಗ್ಲಿಸಾಬ?"

"ಮೆಸೇಜ್ ಬಂದೈತವ್ವ."

"ಅದರಾಗ ಏನೈತಿ?"

"ಹೇಳಾಕ ನನಗ ಅಧಿಕಾರ ಇಲ್ಲ."

"ಪ್ಯಾಂಟು ಮೊಣಕಾಲಮಟ ತೊಯ್ದೈತಲ್ಲೋ ನಿಂದು."

"ಪ್ಯಾಂಟಿನ ಬಗ್ಗೆ ಠರಾವಿನ್ಯಾಗ ಏನೂ ಇಲ್ಲವ್ವ," ಎಂದ ಜಂಗ್ಲಿಸಾಬ. ಚನ್ನವ್ವ ಒಳಗೆ ಹೋಗಿ ಕೊಡ ತಂದಳು.

ಅಂದಿನಿಂದ ಪೇಟೆಯ ಹೆಂಗಸರು ಅವನ ಕೂಗು ಕೇಳಿದ ಕೂಡಲೇ ಬಾಗಿಲಿಗೆ ಬಂದು ಅವನ ಕಾಲು ನೋಡತೊಡಗಿದರು. ಇದು ಸಂಘದ ಗಮನಕ್ಕೆ ಬಂತು. ನೌಕರನ ಕಾಲು ಅನಧಿಕೃತವಾಗಿ ಮಾಹಿತಿ ಸೋರಿಸುತ್ತಿದೆಯೆಂದು ನಿರ್ಣಯಿಸಿ, ಅವನಿಗೆ ತೊಡೆಯವರೆಗಿನ ಒಂದು ಜೊತೆ ಗಂಬೂಟು ಕೊಡಿಸಲಾಯಿತು. ಗಂಬೂಟು ಗೌಸುಸಾಬರ ಮೊಬೈಲ್ ಅಂಗಡಿಯಲ್ಲೇ ಸಿಕ್ಕಿತು, ಠರಾವಿನ ಹಿಂದಿನ ದಿನವೇ ತರಿಸಿಟ್ಟಿದ್ದರು. ಗಂಬೂಟು ಹಾಕಿದರೆ ನೀರಿನ ದಿನವೆಂದು ಹೆಂಗಸರು ಮತ್ತೆ ಊಹಿಸತೊಡಗಿದ್ದರಿಂದ ಅವನು ಅದನ್ನು ವಾರಪೂರ್ತಿ, ಶುಕ್ರವಾರ ನಮಾಜಿಗೆ ಮಸೀದಿಯ ಮೆಟ್ಟಿಲಿನವರೆಗೂ, ಹಾಕಿರಬೇಕೆಂದು ತಿದ್ದುಪಡಿಯಾಯಿತು. ರೋಣದ ಬಿಸಿಲಿನಲ್ಲಿ ಅವನ ಪಾದಗಳು ಬೆಂದ ಬದನೆಕಾಯಿಯಂತಾದವು. ಜಂಗ್ಲಿಸಾಬ ಅದಕ್ಕೆ ಬೇಸರಪಡಲಿಲ್ಲ.

ಬೇಸರಪಡದಿರಲು ಕಾರಣವಿತ್ತು. ಆ ಮೊದಲ ದಿನ ತನ್ನ ಮನೆಯ ಮುಂದೆ ಬಂದು "ಮೆಸೇಜ್ ಬಂದೈತಿ" ಎಂದು ಕೂಗಿದಾಗ, ಕಿಟಕಿಯಲ್ಲಿ ಇಷ್ರತ ತಲೆಯೆತ್ತಿದ್ದಳು. ಫೋನಿನ ಕಡೆ ನೋಡುವ ಮೊದಲು ಒಂದು ಚಣ ಅಪ್ಪನ ಕಡೆ ನೋಡಿದ್ದಳು. ಮುಖ ಹೌದು, ಅವನ ತಾಯಿಯದೇ. ಜಂಗ್ಲಿಸಾಬ ಹಲಗಿ ಬಾರಿಸುವುದನ್ನು ಮರೆತು ಓಣಿಯ ನಡುವೆ ನಿಂತುಬಿಟ್ಟ.

ಆ ಸಂಜೆ ಊಟದ ಹೊತ್ತಿಗೆ ಅವನು ಮಗಳ ಹೆಸರು ಹಿಡಿದು ಕರೆಯಲಿಲ್ಲ. ಪಡಸಾಲೆಯ ಹೊಸ್ತಿಲ ಮೇಲೆ ನಿಂತು, ಕೆಲಸದ ದನಿಯಲ್ಲಿ, "ಮೆಸೇಜ್ ಬಂದೈತಿ" ಎಂದ. ತಲೆ ಎದ್ದಿತು. ಕಣ್ಣು ಕೂಡಿದವು. ಆಮೇಲೆ ಅವಳು ಫೋನು ನೋಡಿ, ಏನೂ ಬಂದಿಲ್ಲವೆಂದು ಕಂಡು ತಲೆ ಬಗ್ಗಿಸಿದಳು. ಅಷ್ಟರಲ್ಲಿ ಮಾಸುಮಬಿ ಅವಳ ಮುಂದೆ ತಾಟು ಇಟ್ಟಾಗಿತ್ತು. ಅಂದಿನಿಂದ ಸಂಜೆಗೊಂದು ಸಲ ಮಗಳ ಮುಖ ನೋಡುವುದು ಅವನಿಗೆ ರೂಢಿಯಾಯಿತು.

ಇದನ್ನು ಎದುರು ಮನೆಯಿಂದ ನೋಡಿದ ಚನ್ನವ್ವ ಸುಮ್ಮನಿರಲಿಲ್ಲ. ಮೊಮ್ಮಗನ ಮುಖ ನೋಡಿ ತನಗೂ ಬಹಳ ದಿನವಾಯಿತೆಂದೂ, ಊಟದ ಹೊತ್ತಿಗೆ ತನ್ನ ಬಾಗಿಲಿಗೂ ಬಂದು ಒಂದು ಕೂಗು ಹಾಕಬೇಕೆಂದೂ ಕೇಳಿದಳು. ಅವಳನ್ನು ನೋಡಿ ಹೊಳಿಯಪ್ಪನ ಹೆಂಡತಿ ಕೇಳಿದಳು, ಕಾಶಿಬಾಯಿ ಹಿತ್ತಿಲ ಬಾಗಿಲಿನಿಂದ ಹೇಳಿ ಕಳಿಸಿದಳು. ಹದಿನೈದು ದಿನದಲ್ಲಿ ಜಂಗ್ಲಿಸಾಬ ದಿನಾ ಸಂಜೆ ಇಡೀ ಪೇಟೆಯ ಬಾಗಿಲು ಬಾಗಿಲಿಗೆ ಗಂಬೂಟಿನಲ್ಲಿ ನಿಂತು ಬಾರದ ಮೆಸೇಜು ಬಂದಿದೆಯೆಂದು ಸಾರುತ್ತಿದ್ದ. ಪ್ರತಿ ಮನೆಯಲ್ಲಿ ಒಂದು ಮಗು ತಲೆಯೆತ್ತುತ್ತಿತ್ತು. ತಾಯಿಯೊಬ್ಬಳು ಅವಸರದಲ್ಲಿ ಆ ಮುಖವನ್ನು ನೋಡಿಕೊಂಡು, ಸಾಧ್ಯವಾದರೆ ಬಾಯಿಗೆ ಒಂದು ತುತ್ತು ಇಡುತ್ತಿದ್ದಳು. "ಭಾಳ ಚಲೋ ಆತು ನೋಡಪಾ, ನಮ್ಮ ಹುಡುಗಗ ಮೀಸಿ ಬರಾಕತ್ತಾವು, ಇವತ್ತ ಗೊತ್ತಾತು," ಎಂದು ಚನ್ನವ್ವ ಕಣ್ಣು ಒರೆಸಿಕೊಂಡಳು.

ಇದೇ ಸುಮಾರಿಗೆ ನಮ್ರತಾಳ ಬಲಗೈ ಹೆಬ್ಬೆರಳು ಬಾತುಕೊಂಡಿತು. ದವಾಖಾನೆಯಲ್ಲಿ ಹೆಬ್ಬೆರಳಿಗೆ ವಿಶ್ರಾಂತಿ ಬರೆದುಕೊಟ್ಟದ್ದರಿಂದ ಸಂಘವು ಅವಳಿಗೆ ಒಂದು ಬೆರಳಿನ ವೈದ್ಯಕೀಯ ರಜೆಯನ್ನು ಮಂಜೂರು ಮಾಡಿತು. ಉಳಿದ ಬೆರಳುಗಳು ಕರ್ತವ್ಯದ ಮೇಲಿವೆಯೆಂದು ಪರಿಗಣಿಸಲಾಯಿತು. ಬದಲಿ ಸಂದೇಶಕಿಯಾಗಿ ಇಷ್ರತಳನ್ನು ನೇಮಿಸಿ, ಅವಳ ಫೋನಿನ ಮೆಸೇಜುಗಳನ್ನೆಲ್ಲ ವಿಶೇಷ ಆದೇಶದ ಮೇರೆಗೆ ಒಂದೇ ವಿಚಾರಣೆಯಲ್ಲಿ ಅಳಿಸಿ, ಪೇಟೆಯ ಎಲ್ಲ ಮನೆಗಳ ನಂಬರುಗಳನ್ನು ಅದರಲ್ಲಿ ತುಂಬಲಾಯಿತು. ಅಂದು ಇಷ್ರತ ಸ್ವಲ್ಪ ಅತ್ತಳಂತೆ. ಜಂಗ್ಲಿಸಾಬ ಅದನ್ನು ನೋಡಲಿಲ್ಲ, ತಲೆ ಬಗ್ಗಿಸಿಯೇ ಅತ್ತಿದ್ದಳು.

ಒಂದು ಸಂಜೆ ಪೇಟೆಯ ಕೊನೆಯ ಬಾಗಿಲಿನಲ್ಲಿ ಕೂಗುವಾಗ ಜಂಗ್ಲಿಸಾಬನ ದನಿ ಹೋಯಿತು. ಸಣ್ಣಗಾಗಿ, ಒಡೆದು ಹೋಗಲಿಲ್ಲ, ನಳ ನಿಂತ ಹಾಗೆ ಒಮ್ಮೆಗೇ ನಿಂತಿತು. ಅವನು ಮನೆಗೆ ಬಂದು ಹೊಸ್ತಿಲ ಮೇಲೆ ನಿಂತು ಬಾಯಿ ತೆರೆದ. ಗಾಳಿ ಬಂತು.

ಪಡಸಾಲೆಯಲ್ಲಿ ಇಷ್ರತ ದಿನದ ಕೂಗಿಗೆ ಕಾದಿದ್ದಳೆಂದು ಕಾಣುತ್ತದೆ. ಕೂಗು ಬರಲಿಲ್ಲ. ಸ್ವಲ್ಪ ಹೊತ್ತು ನೋಡಿ ತಾನಾಗಿಯೇ ತಲೆಯೆತ್ತಿದಳು.

"ಅಬ್ಬಾ, ಯಾಕ ಕರೀಲಿಲ್ಲ ಇವತ್ತ?" ಎಂದು ಅಪ್ಪನನ್ನು ಕೇಳಿದಳು.

ಜಂಗ್ಲಿಸಾಬ ಗಂಟಲು ತೋರಿಸಿದ. ಅವಳು ಫೋನನ್ನು ಚಾಪೆಯ ಮೇಲಿಟ್ಟು ಎದ್ದಳು. ನೀರು ಕಾಸಿ, ಉಪ್ಪು ಹಾಕಿ ತಂದು ಕುಡಿಸಿದಳು. ಗಂಬೂಟು ಎಳೆದು ತೆಗೆದಳು, ಕಾಲು ನೋಡಿ "ಯಾ ಅಲ್ಲಾ" ಎಂದಳು. ಅವಳ ಗದ್ದದ ಮೇಲೆ ಒಂದು ಮೊಡವೆ ಎದ್ದಿತ್ತು, ಎಡಗಡೆಯ ಹಲ್ಲೊಂದು ಸ್ವಲ್ಪ ಓರೆಯಾಗಿತ್ತು. ಯಾವಾಗ ಇಷ್ಟು ದೊಡ್ಡವಳಾದೆ ಎಂದು ಕೇಳಬೇಕೆನಿಸಿತು ಜಂಗ್ಲಿಸಾಬನಿಗೆ. ಇಷ್ಟು ವರ್ಷ ಕೂಗಿದ್ದಕ್ಕಿಂತ ಹೆಚ್ಚಿನ ಮಾತು ಆ ಹೊತ್ತಿಗೆ ಅವನ ಬಾಯಿಗೆ ಬಂದಿತ್ತು, ಒಂದೂ ಹೊರಗೆ ಬರಲೊಲ್ಲದು. ಅವನ ಕಣ್ಣು ತುಂಬಿದವು.

"ಹೇಳಾಕ ಆಗೂದಿಲ್ಲೇನು? ತಡಿ, ಇದರಾಗ ಹೇಳು. ನಾ ಕಲಿಸ್ತೀನಿ," ಎಂದು ಅವಳು ಫೋನನ್ನು ಅವನ ಕೈಗೆ ಕೊಟ್ಟು ಪಕ್ಕಕ್ಕೆ ಕೂತಳು. ಅವನ ದಪ್ಪ ಹೆಬ್ಬೆರಳಿನ ಮೇಲೆ ತನ್ನ ಬೆರಳಿಟ್ಟು ಒಂದೊಂದೇ ಗುಂಡಿ ತೋರಿಸಿದಳು. ತಪ್ಪಿದರೆ ನಕ್ಕಳು. ಮಾಸುಮಬಿ ಒಲೆಯ ಮುಂದೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಇವರನ್ನೇ ನೋಡುತ್ತ ಕೂತಳು. ಕಡೆಗೆ ಜಂಗ್ಲಿಸಾಬ ತನ್ನ ಜೀವನದ ಮೊದಲನೆಯ ಮೆಸೇಜನ್ನು ಬರೆದ. ಊಟಕ್ಕೆ ಬಾ, ಎಂದು. ಯಾರಿಗೆ ಎಂದು ಫೋನು ಕೇಳಿತು. ಅವನ ಬೆರಳು ಒಂದು ಒತ್ತುವಲ್ಲಿ ಮೂರು ಒತ್ತಿತು, ಮೆಸೇಜು ಅರಳಿಪೇಟೆಯ ಸಮಸ್ತ ಮನೆಗಳಿಗೆ ಹೋಯಿತು.

ಆ ಸಂಜೆ ಅರಳಿಪೇಟೆಯಲ್ಲಿ ನಡೆದದ್ದನ್ನು ಸಂಘದ ನಡಾವಳಿಯಲ್ಲಿ ಅಭೂತಪೂರ್ವವೆಂದು ದಾಖಲಿಸಲಾಗಿದೆ. ಗೌಸುಸಾಬರ ಅಂಗಡಿಯಿಂದ ಅಷ್ಟರಲ್ಲಿ ಮನೆ ಮನೆಗೆ ಬಂದಿದ್ದ ದೊಡ್ಡ ಹೊಟ್ಟೆಯ ಹೊಸ ಫೋನುಗಳೂ, ಜಾಗವಿದ್ದ ಹಳೆಯ ಫೋನುಗಳೂ ಒಮ್ಮೆಗೇ ಗುಂಯ್‌ಗುಟ್ಟಿದವು. ಮಕ್ಕಳು ಓದಿದರು. ಎದ್ದರು. ಕೈ ತೊಳೆದುಕೊಂಡು ಅಡಿಗೆಮನೆಗೆ ಹೋಗಿ ಕೂತರು. ಯಾರೂ ಕರೆದಿರಲಿಲ್ಲ, ಯಾರೂ ಬೈದಿರಲಿಲ್ಲ. ಕಾರ್ಯದರ್ಶಿಗಳ ಮನೆಯಲ್ಲಿ ನಮ್ರತಾ ಬಾತ ಹೆಬ್ಬೆರಳನ್ನು ಮೇಲೆತ್ತಿಕೊಂಡು ತಾನಾಗಿಯೇ ಬಂದು ತಾಯಿಯ ಎದುರು ಕೂತಳು. ಕಾಶಿಬಾಯಿ ಸೌಟು ಕೈಯಲ್ಲಿ ಹಿಡಿದು ಗಂಡನಿಗೆ ಹೇಳಿದಳು: "ನಾಳಿಂದ ದಿನಾ ಕಳಸ್ರಿ ಇದನ್ನ. ಇಲ್ಲಾಂದ್ರ ನಿಮಗೂ ನಾ ಊಟಕ್ಕ ಕರಿಯೂದಿಲ್ಲ."

ಮರುದಿನ ಸಂಘವು ತುರ್ತುಸಭೆ ಸೇರಿ ಹೀಗೆ ಠರಾವು ಮಾಡಿತು:

"ಇನ್ನು ಮುಂದೆ ಅರಳಿಪೇಟೆಯಲ್ಲಿ ಬೆಳಗಿನ ಹಾಗೂ ಸಂಜೆಯ ಊಟವನ್ನು ಸಂಘದ ಸಂದೇಶದ ಮೇರೆಗೆ ಮಾಡತಕ್ಕದ್ದು. ಸಂದೇಶದ ಹೊತ್ತಿಗೆ ಅಡಿಗೆ ಆಗದಿದ್ದಲ್ಲಿ ಅಡಿಗೆ ಮಾಡುವವರು ಎರಡು ದಿನ ಮುಂಚಿತವಾಗಿ ಅರ್ಜಿ ಕೊಡತಕ್ಕದ್ದು. ಫೋನಿನಲ್ಲಿ ಜಾಗವಿಲ್ಲದ ಮಕ್ಕಳು ಸೋಮವಾರದ ವಿಚಾರಣೆಯವರೆಗೆ ತಾಳ್ಮೆಯಿಂದಿರತಕ್ಕದ್ದು. ಊಟಕ್ಕೆ ಯಾರನ್ನೂ ಬಾಯಿಯಿಂದ ಕರೆಯತಕ್ಕದ್ದಲ್ಲ, ಕರೆದಲ್ಲಿ ದ್ವಿರುಕ್ತಿಯೆಂದು ಪರಿಗಣಿಸಲಾಗುವುದು."

ಈ ಯೋಜನೆ ಯಶಸ್ವಿಯಾಗಿ ನಡೆಯಿತು. ದಿನಕ್ಕೆ ಎರಡು ಊಟದ ಸಂದೇಶ ಕಳಿಸುವಲ್ಲಿ ಚೀಟಿಯ ಆ ದಿನದ ಪಾಲು ಮುಗಿದುಹೋಗುತ್ತಿದ್ದುದರಿಂದ ನೀರಿನ ಸಂದೇಶವನ್ನು ಕೈಬಿಡಲಾಯಿತು. ನೀರು ಈಗ ಯಾರಿಗೂ ತಿಳಿಸದೆ ಬರುತ್ತದೆ. ಮೊದಲು ನೋಡಿದ ಚನ್ನವ್ವ "ನೀರು ಬಂತು" ಎಂದು ಓಣಿಗೆ ಕೇಳುವ ಹಾಗೆ ಕೂಗುತ್ತಾಳೆ. ಇದು ಅಕ್ರಮವೆಂದು ಸಂಘವು ಅವಳಿಗೆ ಸಂದೇಶದ ಮೂಲಕ ನೋಟೀಸು ಕಳಿಸಿದೆ. ಅವಳಿಗೆ ಓದಲು ಬರುವುದಿಲ್ಲ, ಮೊಮ್ಮಗ ಓದಿ ಹೇಳಿಲ್ಲ, ಹಾಗಾಗಿ ಅಕ್ರಮ ಮುಂದುವರಿದಿದೆ. ನರಗುಂದದಿಂದಲೂ ಗಜೇಂದ್ರಗಡದಿಂದಲೂ ಎರಡು ನಿಯೋಗಗಳು ಬಂದು, ಊಟದ ಹೊತ್ತಿಗೆ ಓಣಿಯಲ್ಲಿ ಒಂದು ತಾಯಿಯ ದನಿಯೂ ಕೇಳಿಬರದ್ದನ್ನು ಕಂಡು ಮೆಚ್ಚುಗೆ ಬರೆದು ಹೋದವು. ಗಜೇಂದ್ರಗಡದ ನಿಯೋಗದ ಜೊತೆ ಬಂದಿದ್ದ ಮಾಸುಮಬಿಯ ಅಣ್ಣ ನಜೀರಸಾಬನಂತೂ, ಗೌಸುಸಾಬರ ಅಂಗಡಿಯಿಂದ ಮನೆಮಂದಿಗೆಲ್ಲ ತಲೆಗೊಂದು ಫೋನು ಕೊಂಡುಹೋದ.

ಜಂಗ್ಲಿಸಾಬನ ದನಿ ತಿಂಗಳೊಪ್ಪತ್ತಿನಲ್ಲಿ ಮರಳಿ ಬಂತು. ಮೊದಲಿಗಿಂತ ಚೆನ್ನಾಗಿದೆಯೆಂದೇ ಹೇಳುತ್ತಾರೆ. ಆದರೆ ಈಗ ಸಾರುವಂಥದ್ದು ಏನೂ ಉಳಿದಿಲ್ಲವಾದ್ದರಿಂದ ಅವನನ್ನು ಗೌರವಪೂರ್ವಕವಾಗಿ ಸ್ಟೂಲಿಗೆ ಮರಳಿಸಲಾಯಿತು. ಗಂಬೂಟು ಮಾತ್ರ ಸಂಘದ ಆಸ್ತಿಯಾಗಿ ದಾಖಲಾಗಿರುವುದರಿಂದ ಅವನು ಅದರಲ್ಲಿಯೇ ಇದ್ದಾನೆ.

ಇಷ್ರತ ಕಾಯಂ ಸಂದೇಶಕಿಯಾಗಿದ್ದಾಳೆ. ಸಂಜೆಯಾದರೆ ಅದೇ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು ಊಟದ ಸಂದೇಶವನ್ನು ಪೇಟೆಗೆಲ್ಲ ಕಳಿಸುತ್ತಾಳೆ. ಮನೆ ಮನೆಯ ಮಕ್ಕಳು ಎದ್ದು ಊಟಕ್ಕೆ ಹೋಗುತ್ತಾರೆ. ಇವಳು ಹೋಗುವುದಿಲ್ಲ. ಕಳಿಸುವ ಫೋನಿಗೆ ತಾನು ಕಳಿಸಿದ ಸಂದೇಶ ಬರುವುದಿಲ್ಲವಷ್ಟೆ. ಅಪ್ಪ "ಮೆಸೇಜ್ ಬಂದೈತಿ" ಎಂದರೂ ಈಗ ನಡೆಯುವುದಿಲ್ಲ. ಕಳಿಸುವವಳು ತಾನೇ, ಬಂದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೊನ್ನೆ ಸಂಜೆಯೂ ಹಾಗೆಯೇ ಆಯಿತು. ಮಾಸುಮಬಿ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿ ಇಟ್ಟಿದ್ದಳು. ಎದುರು ಮನೆಯಲ್ಲಿ ಚನ್ನವ್ವನ ಮೊಮ್ಮಗ ಉಣ್ಣುವ ಸಪ್ಪಳ ಕೇಳುತ್ತಿತ್ತು. ಇಷ್ರತ ಬಗ್ಗಿಸಿದ ತಲೆ ಎತ್ತಿರಲಿಲ್ಲ.

"ಎರಡು ಮೊಳ ದೂರ ಕುಂತಾಳ. ನೀನ ಒಂದು ಸಲ ಕರೀಬಾರದೇನು?" ಎಂದಳು ಮಾಸುಮಬಿ.

ಜಂಗ್ಲಿಸಾಬ ಗಂಟಲು ಸರಿಮಾಡಿಕೊಂಡ. ದನಿ ಅಲ್ಲಿಯೇ ಇತ್ತು, ಪುರ್ತಗೇರಿಗೆ ಕೇಳುವಷ್ಟು. ಅವನು ಅದನ್ನು ನುಂಗಿಕೊಂಡ.

"ಕರಿಯಾಕ ನನಗ ಅಧಿಕಾರ ಇಲ್ಲ," ಎಂದ. "ಅವಳ ನಂಬರ್ ಸೇರಸ್ರಿ ಅಂತ ಅರ್ಜಿ ಕೊಟ್ಟೇನಿ. ಸೋಮವಾರ ವಿಚಾರಣಿ ಐತಿ."

ಮಾಸುಮಬಿ ಹೌದೆಂದು ತಲೆಯಾಡಿಸಿ ರೊಟ್ಟಿಯ ಮೇಲೆ ಇನ್ನೊಂದು ತಾಟು ಮುಚ್ಚಿದಳು. ಇಬ್ಬರೂ ಮಗಳ ಬೈತಲೆಯನ್ನು ನೋಡುತ್ತ ಕೂತರು.